ಮಿಲಿಗ್ರಾಂ ಮೇಷ್ಟ್ರ ಅಹವಾಲು

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಕಚೇರಿಯವರು, ಬೀದಿಯವರು, ಕ್ಷೌರದಂಗಡಿಯವನು, ಎಲ್ಲರೂ ಅವರನ್ನು ಮಿಲಿಗ್ರಾಂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖದೆದುರಿಗೇ. ಅವರಿಗೂ ಅದರಿಂದ ಒಳಗೊಳಗೇ ಖುಷಿ. ತಕ್ಕಡಿ ಪರೀಕ್ಷೆ ಮಾಡುವುದು ಅವರ ಕಸುಬು. ಔಷಧದ ಕಾರ್ಖಾನೆ, ಚಿನ್ನದ ಅಂಗಡಿ, ಆಸ್ಪತ್ರೆ, ಹೀಗೆ ಸೂಕ್ಷ್ಮವಾದ ತಕ್ಕಡಿಗಳು ಎಲ್ಲೆಲ್ಲಿವೆಯೋ ಅಲ್ಲಿಗೆಲ್ಲ ಪೆಟ್ಟಿಗೆ ಹಿಡಿದು ಹೋಗಬೇಕು. ಪೆಟ್ಟಿಗೆಯಲ್ಲಿರುವ ಹನ್ನೆರಡು ತೂಕದ ಬಟ್ಟುಗಳನ್ನು ಒಂದೊಂದಾಗಿ ತಕ್ಕಡಿಯ ಮೇಲಿಟ್ಟು, ಅದು ತೋರಿಸಿದ ಅಂಕಿಯನ್ನು ಪ್ರಮಾಣಪತ್ರದ ಹನ್ನೆರಡು ಸಾಲುಗಳಲ್ಲಿ ಬರೆಯಬೇಕು. ಕೊನೆಗೆ ಸಹಿ. ಮೂವತ್ತೆರಡು ವರ್ಷ ಅವರು ಮಾಡಿದ್ದು ಇಷ್ಟೇ. ಇಷ್ಟೇನಾ ಎಂದು ಮೂಗು ಮುರಿಯುವವರು ತಾವು ನುಂಗುವ ಗುಳಿಗೆಯನ್ನು ಒಮ್ಮೆ ನೆನಪಿಸಿಕೊಂಡರೆ ಸಾಕು.

ಆ ಬಟ್ಟುಗಳನ್ನು ಅವರು ಬರಿಗೈಯಲ್ಲಿ ಮುಟ್ಟಿದ್ದನ್ನು ಕಂಡವರಿಲ್ಲ. ಬೆರಳಿನ ಬೆವರು, ಜಿಡ್ಡು ತಾಕಿದರೆ ಬಟ್ಟಿನ ತೂಕ ಏರುತ್ತದೆ. ಬಿದ್ದು ಚೂರು ಕಿತ್ತುಹೋದರೆ ಇಳಿಯುತ್ತದೆ. ಎರಡೂ ಕಣ್ಣಿಗೆ ಕಾಣುವುದಿಲ್ಲ, ಅದೇ ತೊಂದರೆ. ಆದ್ದರಿಂದ ತುದಿಗೆ ಮೆತ್ತನೆಯ ಚರ್ಮ ಸುತ್ತಿದ ಚಿಮಟದಲ್ಲೇ ಎತ್ತುವುದು, ಚಿಮಟದಲ್ಲೇ ಇಳಿಸುವುದು, ಉಸಿರು ಬಿಗಿಹಿಡಿದು ಮಖಮಲ್ಲಿನ ಗುಳಿಯಲ್ಲಿ ಮತ್ತೆ ಮಲಗಿಸುವುದು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ಅವರ ಹೆಂಡತಿ, "ಮಗಳು ಹುಟ್ಟಿದಾಗಲೂ ಇವರು ಅವಳನ್ನ ಇಷ್ಟು ಮೆತ್ತಗೆ ಎತ್ತಿಕೊಳ್ಳಲಿಲ್ಲ" ಎಂದು ಬಂದವರೆದುರು ಆಡಿಕೊಳ್ಳುತ್ತಿದ್ದರು. ಅಡುಗೆಗೆ ಉಪ್ಪು ಹಾಕಿ ಎಂದರೆ ಮೇಷ್ಟ್ರು "ಎಷ್ಟು?" ಎಂದು ಕೇಳುತ್ತಿದ್ದರು. ಒಂದು ಚಿಟಿಕೆ ಎಂದರೆ, "ಯಾರ ಚಿಟಿಕೆ?" ಎನ್ನುತ್ತಿದ್ದರು. ಅಂಥ ಮನುಷ್ಯನ ಜೊತೆ ಸಂಸಾರ ಮಾಡಿದ ಆ ತಾಯಿಗೂ ಒಂದು ಪ್ರಮಾಣಪತ್ರ ಕೊಡಬೇಕಾದ್ದೇ.

ಈ ಹುಚ್ಚಿಗೆ ಒಂದು ಹಿನ್ನೆಲೆ ಇತ್ತು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರನ್ನು ಸಾಕಿದ್ದು ಸೋದರತ್ತೆ. ಅತ್ತೆಗೆ ಕಾಳುಕಡ್ಡಿಯ ಅಂಗಡಿ. ತಕ್ಕಡಿಯಲ್ಲಿ ಕಾಳು ಸುರಿಯುವ ತಟ್ಟೆಯ ಅಡಿಗೆ ಅತ್ತೆ ಹೆಬ್ಬೆರಳು ಗಾತ್ರದ ಮೇಣದ ಉಂಡೆ ಮೆತ್ತಿದ್ದರು. ಎಂಟು ವರ್ಷದ ಸೋದರಳಿಯ ಒಂದು ದಿನ ಗಿರಾಕಿಗಳೆದುರಿಗೇ, "ಅತ್ತೇ, ತಟ್ಟೆಗೆ ಏನೋ ಅಂಟಿಕೊಂಡಿದೆ, ತೆಗೀಲಾ?" ಎಂದು ಕೇಳಿದ್ದಲ್ಲದೆ ತೆಗೆದೂಬಿಟ್ಟ. ಅಂದು ಬಿದ್ದ ಏಟು ಅವರಿಗೆ ಅಷ್ಟಾಗಿ ನೆನಪಿಲ್ಲ. ಗಿರಾಕಿ ಹೆಂಗಸೊಬ್ಬರು ಕಾಳಿನ ಚೀಲ ಅಲ್ಲೇ ಬಿಟ್ಟು ಎದ್ದುಹೋದದ್ದು, ಅತ್ತೆ ಎರಡು ದಿನ ಯಾರಿಗೂ ಮುಖ ತೋರಿಸದೆ ಕೂತದ್ದು ನೆನಪಿದೆ. ಅತ್ತೆ ಕೆಟ್ಟವರಲ್ಲ. ಹುಡುಗನ ಬಟ್ಟೆ, ಪುಸ್ತಕ ಎಲ್ಲ ಬಂದದ್ದು ಆ ಮೇಣದ ಉಂಡೆಯಿಂದಲೇ. ಅದು ಅರ್ಥವಾದ ಮೇಲೆ ತಕ್ಕಡಿಯ ವಿಷಯದಲ್ಲಿ ಮೇಷ್ಟ್ರು ಯಾರ ಮಾತಿಗೂ ಬಗ್ಗದವರಾದರು.

ವರ್ಷಕ್ಕೆ ನಾಲ್ಕೈದು ಸಲ ವಿಮಾನ ಹತ್ತಬೇಕಾಗುತ್ತಿತ್ತು. ತೊಂದರೆ ಶುರುವಾಗುತ್ತಿದ್ದದ್ದೇ ಅಲ್ಲಿ. ಪೆಟ್ಟಿಗೆಯನ್ನು ಉಳಿದ ಸಾಮಾನಿನ ಜೊತೆ ಹಾಕುವಂತಿಲ್ಲ, ಅಲ್ಲಿ ಎತ್ತಿ ಎಸೆಯುತ್ತಾರೆ. ಕೈಯಲ್ಲೇ ಒಯ್ಯಬೇಕು. ಕೈಯಲ್ಲಿ ಒಯ್ದರೆ ಭದ್ರತಾ ತಪಾಸಣೆಯ ಎಕ್ಸ್-ರೇ ಯಂತ್ರದಲ್ಲಿ ಗಟ್ಟಿ ಲೋಹದ ಬಟ್ಟುಗಳು ಕರಿ ಮಚ್ಚೆಗಳಾಗಿ ಕಾಣುತ್ತವೆ. ಒಳಗೇನಿದೆಯೋ ಯಂತ್ರಕ್ಕೆ ತಿಳಿಯುವುದಿಲ್ಲ. ತಿಳಿಯದ್ದನ್ನು ಬಿಚ್ಚಿ ನೋಡುವುದು ಅಲ್ಲಿನವರ ಕೆಲಸ. ಮೇಷ್ಟ್ರಿಗೆ ಅದರ ಬಗ್ಗೆ ಎಳ್ಳಷ್ಟೂ ತಕರಾರಿರಲಿಲ್ಲ. "ಅವರೂ ನನ್ನ ಹಾಗೇ ಪರೀಕ್ಷೆ ಮಾಡೋರು" ಎನ್ನುತ್ತಿದ್ದರು. ಅವರು ಕೇಳುತ್ತಿದ್ದದ್ದು ಒಂದೇ: ಬಟ್ಟುಗಳನ್ನು ನಾನೇ ಚಿಮಟದಲ್ಲಿ ಎತ್ತಿ ತೋರಿಸುತ್ತೇನೆ, ನೀವು ಕೈ ಹಾಕಬೇಡಿ. ಅಲ್ಲಿನ ನಿಯಮವೋ ಇದಕ್ಕೆ ನೇರ ಉಲ್ಟಾ. ತಪಾಸಣೆ ನಡೆಯುವಾಗ ಪ್ರಯಾಣಿಕ ತನ್ನ ಸಾಮಾನನ್ನು ಮುಟ್ಟುವಂತಿಲ್ಲ. ಹೀಗಾಗಿ ಪ್ರತಿಸಲವೂ ಕೈಮುಗಿದು, ಕಾಗದಪತ್ರ ಹರಡಿ, ಮೇಲಿನ ಸಾಹೇಬರನ್ನು ಕರೆಸಿ ಹೇಗೋ ಪಾರಾಗುತ್ತಿದ್ದರು. ಎರಡು ಸಲ ವಿಮಾನ ತಪ್ಪಿಯೂ ಇತ್ತು.

ಆ ಸಲ ಅದೃಷ್ಟ ಕೈಕೊಟ್ಟಿತು. ದೂರದ ಊರಿನ ಮಕ್ಕಳ ಆಸ್ಪತ್ರೆಯ ಔಷಧ ವಿಭಾಗದ ತಕ್ಕಡಿ ನೋಡಲು ಹೊರಟಿದ್ದರು. ರಸ್ತೆಯಲ್ಲಿ ಹೋದರೆ ಎರಡು ದಿನದ ದಾರಿ, ವಿಮಾನದಲ್ಲಿ ಒಂದೂವರೆ ಗಂಟೆ. ತಪಾಸಣೆಯ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಬೆಲ್ಟ್ ನಿಂತಿತು, ಪೆಟ್ಟಿಗೆ ಪಕ್ಕಕ್ಕೆ ಬಂತು.

"ತಾತ, ಇದನ್ನ ಬಿಚ್ಚಿ" ಎಂದ ತಪಾಸಣೆಯವನು.

ಅರವತ್ತೊಂದಾಗಿದ್ದರೂ ಮೇಷ್ಟ್ರು ತಾತ ಅನ್ನಿಸಿಕೊಳ್ಳಲು ಇನ್ನೂ ಒಪ್ಪಿರಲಿಲ್ಲ. ನುಂಗಿಕೊಂಡು ಬಿಚ್ಚಿದರು. "ತೂಕದ ಬಟ್ಟು ಸಾರ್. ದಯವಿಟ್ಟು ಕೈ ಹಾಕಬೇಡಿ, ನಾನೇ ಎತ್ತಿ ತೋರಿಸ್ತೀನಿ."

"ನೀವು ಹಿಂದೆ ನಿಂತ್ಕೊಳ್ಳಿ."

"ಬೆರಳು ತಾಕಿದ್ರೆ ಕೆಡುತ್ತೆ ಸಾರ್ ಇದು."

"ಲೋಹದ ತುಂಡು ಕೆಡುತ್ತಾ? ನಮ್ಮಪ್ಪಂದೂ ತರಕಾರಿ ಗಾಡಿ ಇತ್ತು. ಬಟ್ಟು ಅಂದ್ರೆ ಏನು ಅಂತ ನನಗೂ ಗೊತ್ತು."

ಅವನು ಒರಟನಲ್ಲ. ಹಿಂದೆ ನೂರಾರು ಜನ ಕೈಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದರು, ಅವನ ಕುತ್ತಿಗೆಯೂ ಬೆವರುತ್ತಿತ್ತು. ಹತ್ತು ಗ್ರಾಮಿನ ಬಟ್ಟನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ. ಅದು ಜಾರಿತು. ಕಲ್ಲಿನ ನೆಲಕ್ಕೆ ಟಣ್ ಎಂದು ಬಿದ್ದು ಉರುಳತೊಡಗಿತು. ಕಳೆದುಹೋಗದಿರಲಿ ಎಂದು ಅವನು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಅದನ್ನು ಬೂಟುಗಾಲಿನಿಂದ ತುಳಿದು ನಿಲ್ಲಿಸಿದ.

"ನೋಡಿ, ಏನೂ ಆಗಿಲ್ಲ" ಎಂದು ಪ್ಯಾಂಟಿಗೆ ಒರೆಸಿ ವಾಪಸಿಟ್ಟ.

ಆಸ್ಪತ್ರೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಔಷಧ ವಿಭಾಗದ ಮುಖ್ಯಸ್ಥೆ ಬಾಗಿಲಲ್ಲೇ ಕಾದಿದ್ದರು. ಮೇಷ್ಟ್ರು ಕೂತ ತಕ್ಷಣ ಇದ್ದದ್ದನ್ನು ಹೇಳಿದರು: ಒಂದು ಬಟ್ಟು ಬಿದ್ದಿದೆ, ಅದನ್ನು ನಂಬುವ ಹಾಗಿಲ್ಲ, ಇನ್ನು ಹತ್ತು ದಿನದಲ್ಲಿ ಬೇರೆ ತರುತ್ತೇನೆ.

"ಹತ್ತು ದಿನಾನಾ?" ಆಕೆ ಕುರ್ಚಿಯಲ್ಲಿ ಕುಸಿದರು. "ಸಾರ್, ಇನ್ನೊಂದು ತಕ್ಕಡಿ ಕೆಟ್ಟು ಕೂತಿದೆ. ಇದರ ಪ್ರಮಾಣಪತ್ರದ ಅವಧಿ ಇವತ್ತಿಗೆ ಮುಗಿಯುತ್ತೆ. ನಿಮ್ಮ ಸಹಿ ಇಲ್ಲದಿದ್ರೆ ನಾಳೆ ಬೆಳಿಗ್ಗೆ ನಾನು ಒಂದು ಪುಡೀನೂ ತೂಗೋ ಹಾಗಿಲ್ಲ. ಮೇಲಿನ ವಾರ್ಡಲ್ಲಿ ಇಪ್ಪತ್ತಾರು ಮಕ್ಕಳಿದಾರೆ. ಅವರಮ್ಮಂದಿರಿಗೆ ಏನು ಹೇಳ್ಲಿ, ನೀವೇ ಹೇಳಿ."

ಮೇಷ್ಟ್ರು ಉಳಿದ ಹನ್ನೊಂದು ಬಟ್ಟುಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ಹನ್ನೊಂದಕ್ಕೂ ತಕ್ಕಡಿ ಸರಿಯಾದ ಅಂಕಿಯನ್ನೇ ತೋರಿಸಿತು. ಪ್ರಮಾಣಪತ್ರದಲ್ಲಿ ಹತ್ತು ಗ್ರಾಮಿನ ಸಾಲು ಮಾತ್ರ ಖಾಲಿ ಉಳಿಯಿತು. ಅಲ್ಲಿ ಪುಡಿ ತೂಗುವುದು ಹೆಚ್ಚಾಗಿ ಹತ್ತು ಗ್ರಾಮಿನ ಆಸುಪಾಸಿನಲ್ಲೇ. ಖಾಲಿ ಸಾಲಿರುವ ಪ್ರಮಾಣಪತ್ರ ನಡೆಯುವುದಿಲ್ಲ. ಅವರು ಹೋದ ವರ್ಷದ ಪ್ರಮಾಣಪತ್ರ ತರಿಸಿದರು, ಆ ಸಾಲಿನ ಅಂಕಿ ನೋಡಿದರು, ಅದನ್ನೇ ಇಲ್ಲಿ ಬರೆದರು, ಸಹಿ ಹಾಕಿದರು. ಕೈ ನಡುಗಲಿಲ್ಲ. ಯಾಕೆ ನಡುಗಲಿಲ್ಲ ಎಂಬುದೇ ಆಮೇಲೆ ಅವರನ್ನು ಹೆಚ್ಚು ಕಾಡಿತು.

ಊರಿಗೆ ಬಂದು ಆ ಬಟ್ಟನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರು. ಅಂಚಿನಲ್ಲಿ ಚೂರು ಕಿತ್ತಿದೆ, ಮೂರು ಮಿಲಿಗ್ರಾಂ ಇಳಿದಿದೆ, ಬಳಸಲು ಯೋಗ್ಯವಲ್ಲ ಎಂದು ವರದಿ ಬಂತು. ಮೇಷ್ಟ್ರ ಪಿತ್ತ ನೆತ್ತಿಗೇರಿತು. ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ತೊಂದರೆಗೊಳಗಾದ ಪ್ರಯಾಣಿಕರ ಅಹವಾಲು ಕೇಳಲು ಒಂದು ವಿಭಾಗವಿದೆ ಎಂದು ತಿಳಿದು, ಎಂಟು ಪುಟದ ದೂರು ಬರೆದರು. ತಮ್ಮ ಬಟ್ಟುಗಳನ್ನು ತಾವೇ ಎತ್ತಿ ತೋರಿಸಲು ಅನುಮತಿ ಕೊಡಬೇಕು, ಇಷ್ಟೇ ಅವರ ಬೇಡಿಕೆ. ನೋಡದೆ ಬರೆದ ಆ ಒಂದು ಸಾಲಿನ ಸುದ್ದಿಯನ್ನು ಮಾತ್ರ ಎಂಟು ಪುಟದಲ್ಲೆಲ್ಲೂ ಎತ್ತಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ಮೂವತ್ತೆರಡು ವರ್ಷದ ಹೆಸರೂ ಹೋಗುತ್ತದೆ. ಹೇಳದಿದ್ದರೆ ಅಲ್ಲಿ ಮಕ್ಕಳ ಪುಡಿಯನ್ನು ದಿನಾ ಅದೇ ತಕ್ಕಡಿಯಲ್ಲಿ ತೂಗುತ್ತಿರುತ್ತಾರೆ. ಎಲ್ಲವೂ ಸರಿಯಾಗೇ ಇರುತ್ತದೆ, ಹನ್ನೊಂದು ಸರಿಯಿದ್ದ ಮೇಲೆ ಹನ್ನೆರಡನೆಯದೂ ಸರಿಯೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ತಟ್ಟೆಯ ಮುಂದೆ ಕೂತರೆ ಮಾತ್ರ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಂಟು ಪುಟವನ್ನು ಹೆಂಡತಿ ಓದಿದರು. "ಪುರಾಣ ಯಾಕ್ರೀ? ಟಿಕೆಟ್ ಕೌಂಟರಲ್ಲಿ ಮೂವತ್ತು ವರ್ಷ ಕೂತವಳು ಹೇಳ್ತೀನಿ ಕೇಳಿ, ನಮೂನೆ ಇಲ್ಲದ ಅರ್ಜಿ ಯಾರೂ ಓದಲ್ಲ. ನಮೂನೆ ತಗೊಳ್ಳಿ."

ನಮೂನೆ ತಂದರು. ಅದರಲ್ಲಿ ತೊಂದರೆಯ ಬಗೆ ಎಂಬಲ್ಲಿ ಮೂರೇ ಮೂರು ಚೌಕ: ಹೆಸರಿನ ಗೊಂದಲ, ಸಿಬ್ಬಂದಿಯ ದುರ್ವರ್ತನೆ, ಸಾಮಾನಿನ ನಷ್ಟ. ನಮೂನೆ ಮಾಡುವವರಿಗೂ ಅದನ್ನು ತುಂಬುವವರಿಗೂ ಏನು ಹಳೆಯ ಹಗೆಯೋ ಕಾಣೆ, ನಮ್ಮ ಕಷ್ಟಕ್ಕೆ ಹೊಂದುವ ಚೌಕ ಅದರಲ್ಲಿ ಯಾವತ್ತೂ ಇರುವುದಿಲ್ಲ. ತಪಾಸಣೆಯ ಹುಡುಗ ದುರ್ವರ್ತನೆ ತೋರಿಸಿದ ಎಂದು ಬರೆಯಲು ಮೇಷ್ಟ್ರಿಗೆ ಮನಸ್ಸು ಬರಲಿಲ್ಲ. ಬಟ್ಟೇನೂ ಕಳೆದುಹೋಗಿಲ್ಲ, ಆದ್ದರಿಂದ ನಷ್ಟವೂ ಅಲ್ಲ ಎಂದುಕೊಂಡು, ಉಳಿದ ಮೊದಲನೇ ಚೌಕಕ್ಕೆ ಗುರುತು ಹಾಕಿ ಕಳಿಸಿದರು. ತಿಂಗಳಾದ ಮೇಲೆ ಉತ್ತರ ಬಂತು: ತಮ್ಮ ಹೆಸರು ಯಾವುದೇ ಶಂಕಿತರ ಪಟ್ಟಿಯಲ್ಲಿ ಇರುವುದಿಲ್ಲ, ತಾವು ನಿಶ್ಚಿಂತೆಯಿಂದ ಪ್ರಯಾಣಿಸಬಹುದು.

"ಅಬ್ಬಾ! ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಇವತ್ತು ನನಗೆ ಧೈರ್ಯ ಬಂತು ನೋಡಿ" ಎಂದು ಹೆಂಡತಿ ಹೊಟ್ಟೆ ಹಿಡಿದು ನಕ್ಕರು.

ಮೇಷ್ಟ್ರು ನಗಲಿಲ್ಲ. ಇನ್ನೊಂದು ನಮೂನೆ ತಂದು ಸಾಮಾನಿನ ನಷ್ಟದ ಚೌಕಕ್ಕೆ ಗುರುತು ಹಾಕಿದರು. ಕೆಳಗೆ, ಕಳೆದುಹೋದ ಸಾಮಾನಿನ ಅಂದಾಜು ತೂಕ ಎಂದಿತ್ತು. ಅವರು ಪೆನ್ನು ಒತ್ತಿ ಹಿಡಿದು, ಅಂದಾಜು ಎಂಬ ಪದವನ್ನು ಹೊಡೆದುಹಾಕಿ, ಮೂರು ಮಿಲಿಗ್ರಾಂ ಎಂದು ಬರೆದರು.

ವಾರದೊಳಗೆ ವಿಚಾರಣೆಗೆ ಕರೆ ಬಂತು.

ಅಹವಾಲು ವಿಭಾಗ ಇದ್ದದ್ದು ವಿಮಾನ ನಿಲ್ದಾಣದ ಹಿಂಬದಿಯ ಕಟ್ಟಡದಲ್ಲಿ, ಎರಡನೇ ಮಹಡಿಯಲ್ಲಿ. ಗೋಡೆಯುದ್ದಕ್ಕೂ ಬೀರು, ನಡುವೆ ಒಂದು ಮೇಜು, ಕಿಟಕಿಯಲ್ಲಿ ಕೂಲರ್ ಸದ್ದು. ಮೇಜಿನ ಹಿಂದೆ ಐವತ್ತರ ಆಸುಪಾಸಿನ ಅಧಿಕಾರಿಣಿ. ಗಂಡ ಹೆಂಡತಿ ಇಬ್ಬರೂ ಎದುರಿಗೆ ಕೂತರು.

"ಮೂರು ಮಿಲಿಗ್ರಾಂ ಸಾಮಾನು ಕಳೆದಿದೆ ಅಂತ ಬರೆದಿದೀರಿ. ತಮಾಷೆ ಮಾಡ್ತಿದೀರಾ?"

"ಇಲ್ಲ ಮೇಡಂ. ನಮ್ಮ ಕಸುಬಲ್ಲಿ ಅದು ದೊಡ್ಡ ಗಂಟೇ" ಎಂದು ಮೇಷ್ಟ್ರು ಶುರು ಮಾಡಿದರು. ಬಟ್ಟು ಎಂದರೇನು, ಚಿಮಟ ಯಾಕೆ, ಬೆವರು ಎಷ್ಟು ತೂಗುತ್ತದೆ, ಎಲ್ಲವನ್ನೂ ಹೇಳಿದರು. ಆಕೆ ನಡುವೆ ಬಾಯಿ ಹಾಕದೆ ಕೇಳಿದರು. ಅಷ್ಟು ದಿನದಲ್ಲಿ ಅವರ ಮಾತನ್ನು ಪೂರ್ತಿ ಕೇಳಿದ ಮೊದಲ ಮನುಷ್ಯರು ಆಕೆಯೇ.

ಕೇಳಿ ಮುಗಿದ ಮೇಲೆ ಆಕೆ ಕಡತದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ನೀವು ಹೇಳೋದು ನನಗೆ ಅರ್ಥವಾಗುತ್ತೆ. ಆದ್ರೆ ಒಂದು ಅರ್ಥವಾಗ್ತಿಲ್ಲ. ಆ ದಿನದ ನಿಮ್ಮ ಪ್ರಮಾಣಪತ್ರ ಇದು, ನಿಮ್ಮ ಸಂಸ್ಥೆಯಿಂದ ತರಿಸಿದ್ದು. ಹನ್ನೆರಡೂ ಸಾಲು ತುಂಬಿದೆ. ಹತ್ತು ಗ್ರಾಮಿಂದೂ ತುಂಬಿದೆ. ಬಟ್ಟು ಹಾಳಾಗಿದ್ರೆ ಈ ಸಾಲು ಹೇಗೆ ಬಂತು? ನಿಮಗೆ ತೊಂದರೆನೇ ಆಗಿಲ್ಲ ಅಂತ ನಿಮ್ಮ ಸಹಿನೇ ಹೇಳ್ತಿದೆಯಲ್ಲ?"

ಮೇಷ್ಟ್ರು ಹಾಳೆ ನೋಡಿದರು. ತಮ್ಮದೇ ದುಂಡಗಿನ ಅಕ್ಷರ. ಹೆಂಡತಿ, "ಹೇಳ್ರೀ, ಏನಾಯ್ತು ಅಂತ ಹೇಳಿ" ಎಂದು ಮೊಣಕೈಯಿಂದ ತಿವಿದರು.

"ಆ ಸಾಲು ನೋಡಿ ಬರೆದದ್ದಲ್ಲ" ಎಂದರು ಮೇಷ್ಟ್ರು. "ಹೋದ ವರ್ಷದ ಅಂಕಿ ನಕಲು ಮಾಡಿದೆ."

ಅಧಿಕಾರಿಣಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ದನಿ ತಗ್ಗಿಸಿ, "ನೋಡಿ, ಈ ಮಾತು ಕಡತಕ್ಕೆ ಹೋದ್ರೆ ನಿಮ್ಮ ಅಹವಾಲಿಗೆ ಬಲ ಬರುತ್ತೆ. ನಮ್ಮ ತಪಾಸಣೆಯಿಂದ ನಿಮ್ಮ ಕೆಲಸ ಹಾಳಾಗಿದ್ದು ಸಾಬೀತಾಗುತ್ತೆ. ಆದ್ರೆ ಒಂದು ಪ್ರತಿ ನಿಮಗೆ ಲೈಸೆನ್ಸ್ ಕೊಟ್ಟವರಿಗೂ ಹೋಗುತ್ತೆ. ಅದನ್ನ ತಡೆಯೋಕೆ ನನ್ನ ಕೈಲಿ ಆಗಲ್ಲ. ಅಹವಾಲು ವಾಪಸ್ ತಗೊಂಡ್ರೆ ನಾನು ಏನೂ ಕೇಳಿಸಿಕೊಂಡಿಲ್ಲ" ಎಂದರು.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಆಕೆ ಅಲ್ಲೇ ಸಿಡಿಯುತ್ತಾರೆ ಎಂದುಕೊಂಡಿದ್ದರು. ಆಕೆ ಕೇಳಿದ್ದು ಒಂದೇ ಮಾತು.

"ಮಕ್ಕಳ ಔಷಧಾನೇನ್ರೀ?"

ಅವರು ಹೌದೆಂದು ತಲೆಯಾಡಿಸಿದರು.

"ಹಾಗಾದ್ರೆ ಬರೆದುಕೊಡಿ."

ಬರೆದುಕೊಟ್ಟರು. ಮನೆಗೆ ಬರುವ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಇಳಿಯುವಾಗ, "ನನಗೆ ಹೇಳಬಾರದಿತ್ತಾ? ನಾನೇನು ಅಧಿಕಾರಿನಾ?" ಎಂದಷ್ಟೇ ಕೇಳಿದರು. ಅಂದು ರಾತ್ರಿ ಮೇಷ್ಟ್ರು ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡರು.

ಎಂಟನೇ ದಿನ ಎರಡು ಲಕೋಟೆ ಒಟ್ಟಿಗೇ ಬಂದವು. ಮೊದಲನೆಯದು ಅಹವಾಲು ವಿಭಾಗದ್ದು: ಸದರಿ ಪ್ರಯಾಣಿಕರು ತಪಾಸಣೆಯ ವೇಳೆ ತಮ್ಮ ತೂಕದ ಬಟ್ಟುಗಳನ್ನು ಪ್ರತ್ಯೇಕ ಮೇಜಿನ ಮೇಲೆ ತಾವೇ ಎತ್ತಿ ತೋರಿಸತಕ್ಕದ್ದು, ಸಿಬ್ಬಂದಿ ಯಾರೂ ಅವುಗಳನ್ನು ಮುಟ್ಟತಕ್ಕದ್ದಲ್ಲ. ಕೆಳಗೆ ಮೊಹರು, ಸಹಿ, ಪ್ರತಿ ಸಲ ತೋರಿಸಬೇಕಾದ ಒಂದು ಸಂಖ್ಯೆ. ಎರಡನೆಯದು ಲೈಸೆನ್ಸ್ ಕಚೇರಿಯದು: ನೋಡದ ಅಂಕಿಯನ್ನು ನಮೂದಿಸಿದ್ದಾಗಿ ತಾವೇ ಒಪ್ಪಿಕೊಂಡಿರುವುದರಿಂದ ತಮ್ಮ ಪರವಾನಗಿಯನ್ನು ಒಂದು ವರ್ಷ ಅಮಾನತಿನಲ್ಲಿಡಲಾಗಿದೆ, ಆಸ್ಪತ್ರೆಯ ತಕ್ಕಡಿಯನ್ನು ಮರುಪರೀಕ್ಷೆ ಆಗುವ ತನಕ ಬಳಸಕೂಡದೆಂದು ತಿಳಿಸಲಾಗಿದೆ. ಪೆಟ್ಟಿಗೆ ಹಿಡಿದು ವಿಮಾನ ಹತ್ತುವ ಹಕ್ಕು ಸಿಕ್ಕಿತು, ಹತ್ತಿ ಮಾಡಬೇಕಾದ ಕೆಲಸ ಹೋಯಿತು. ಇಂಥ ನ್ಯಾಯಕ್ಕೆ ನಗಬೇಕೋ ಅಳಬೇಕೋ ಗೊತ್ತಾಗದೆ ಮೇಷ್ಟ್ರು ಎರಡು ಕಾಗದವನ್ನೂ ಎರಡು ಮೊಣಕಾಲಿನ ಮೇಲಿಟ್ಟುಕೊಂಡು ಕೂತರು.

ಮರುಪರೀಕ್ಷೆಯ ಹೊಣೆ ಕಚೇರಿಯ ಇನ್ನೊಬ್ಬರ ಹೆಗಲಿಗೆ ಬಿತ್ತು. ಅವರೂ ಮೇಷ್ಟ್ರಿಂದಲೇ ಕೆಲಸ ಕಲಿತವರು, ನಲವತ್ತು ದಾಟಿದ, ಎರಡು ಮಕ್ಕಳ ತಾಯಿ. ಮನೆಗೇ ಬಂದರು.

"ಮೇಷ್ಟ್ರೇ, ತೂಗೋ ಲೈಸೆನ್ಸ್ ನನ್ನ ಹತ್ರ ಇದೆ. ಪೆಟ್ಟಿಗೆ ದಾಟಿಸೋ ಪತ್ರ ನಿಮ್ಮ ಹೆಸರಲ್ಲಿದೆ. ಹೊಸ ಪತ್ರಕ್ಕೆ ಅರ್ಜಿ ಹಾಕಿದ್ರೆ ಇನ್ನು ಎರಡು ತಿಂಗಳು. ಆಸ್ಪತ್ರೆಯವರು ಪಕ್ಕದ ಊರಿಂದ ತಕ್ಕಡಿ ಎರವಲು ತಂದಿದಾರಂತೆ, ಅದನ್ನೂ ವಾರದಲ್ಲಿ ವಾಪಸ್ ಕೊಡಬೇಕಂತೆ."

"ನೀನು ತೂಗಮ್ಮ. ಪೆಟ್ಟಿಗೆ ನಾನು ಹೊರ್ತೀನಿ" ಎಂದರು ಮೇಷ್ಟ್ರು.

"ಕೂಲಿ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ" ಎಂದರು ಒಳಗಿನಿಂದ ಹೆಂಡತಿ.

ವಿಮಾನ ನಿಲ್ದಾಣದಲ್ಲಿ ಅಂದು ತಪಾಸಣೆಗೆ ನಿಂತಿದ್ದವಳು ಒಬ್ಬಳು ಹೆಣ್ಣುಮಗಳು. ಪತ್ರವನ್ನು ಎರಡು ಸಲ ಓದಿ, ಪಕ್ಕದ ಮೇಜು ಖಾಲಿ ಮಾಡಿಸಿದಳು. ಪೆಟ್ಟಿಗೆಯಲ್ಲಿ ಹಾಳಾದ ಹತ್ತು ಗ್ರಾಮಿನ ಜಾಗಕ್ಕೆ ಹೊಸ ಬಟ್ಟು ಬಂದಿತ್ತು. ಮೇಷ್ಟ್ರು ಚಿಮಟ ತೆಗೆದರು. ಒಂದೊಂದೇ ಬಟ್ಟನ್ನು ಎತ್ತಿ, ತಿರುಗಿಸಿ ತೋರಿಸಿ, ಮತ್ತೆ ಮಖಮಲ್ಲಿನಲ್ಲಿ ಇಳಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಅವಳು ಕೈ ಎತ್ತಿ ಅವರನ್ನು ಸುಮ್ಮನಾಗಿಸಿ, "ನಿಧಾನ ಸಾರ್, ಗಡಿಬಿಡಿ ಏನಿಲ್ಲ" ಎಂದಳು. ಎಷ್ಟು ವರ್ಷ ಆ ಒಂದು ಮಾತಿಗಾಗಿ ಹಂಬಲಿಸಿದ್ದರೋ! ಹನ್ನೆರಡನೆಯದನ್ನು ಇಳಿಸುವ ಹೊತ್ತಿಗೆ ಮೇಷ್ಟ್ರಿಗೆ ಕಣ್ಣು ಮಂಜಾಗಿತ್ತು.

ಆಸ್ಪತ್ರೆಯಲ್ಲಿ ಅವರು ತಕ್ಕಡಿಯ ಕೋಣೆಯ ಒಳಗೆ ಕಾಲಿಡಲಿಲ್ಲ. ಲೈಸೆನ್ಸ್ ಇಲ್ಲದವನು ಒಳಗೆ ಬರಬಾರದು ಎಂದು ಹೇಳಿ ಹೊರಗಿನ ಬೆಂಚಿನ ಮೇಲೆ ಕೂತರು. ಎಷ್ಟು ಕರೆದರೂ ಏಳಲಿಲ್ಲ. ಕೊನೆಗೆ ಶಿಷ್ಯೆ, "ಬಾಗಿಲು ತೆರೆದೇ ಇರಲಿ. ನಾನು ಅಂಕಿ ಕೂಗಿ ಹೇಳ್ತೀನಿ, ನೀವು ಅಲ್ಲಿಂದಲೇ ಕೇಳಿಸಿಕೊಳ್ಳಿ" ಎಂದರು.

"ಇನ್ನೂರು ಗ್ರಾಂ, ಸರಿ." "ನೂರು ಗ್ರಾಂ, ಸರಿ." "ಐವತ್ತು, ಸರಿ." "ಇಪ್ಪತ್ತು, ಸರಿ."

ಆಮೇಲೆ ಮಾತಿಲ್ಲ. ತಕ್ಕಡಿ ಅಲುಗಾಟ ನಿಲ್ಲಿಸಿ ಅಂಕಿ ತೋರಿಸಲು ಅರ್ಧ ನಿಮಿಷ ಬೇಕು, ಮೇಷ್ಟ್ರಿಗೆ ಅದು ಚೆನ್ನಾಗಿ ಗೊತ್ತು. ಆದರೂ ಮನಸ್ಸಿನಲ್ಲೇ ಸೆಕೆಂಡು ಎಣಿಸತೊಡಗಿದರು. ಎದುರಿನ ಮೆಟ್ಟಿಲಲ್ಲಿ ಒಬ್ಬ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೇಲಿನ ವಾರ್ಡಿಗೆ ಹತ್ತುತ್ತಿದ್ದಳು. ಅವರು ಆ ಮಗುವಿನ ಮುಖ ನೋಡಲಾರದೆ ನೆಲ ನೋಡಿದರು.

"ಹತ್ತು ಗ್ರಾಂ" ಎಂದರು ಒಳಗಿನಿಂದ. "ಸರಿಯಾಗಿದೆ ಮೇಷ್ಟ್ರೇ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಔಷಧ ವಿಭಾಗದ ಮುಖ್ಯಸ್ಥೆ ಓಡಿ ಬಂದು ಅವರ ಪಕ್ಕ ಕೂತರು. "ಸರಿಯಾಗೇ ಇತ್ತಲ್ಲ ಸಾರ್! ಸುಮ್ಮನೆ ಇಷ್ಟೆಲ್ಲ ಮೈಮೇಲೆ ಎಳೆದುಕೊಂಡ್ರಲ್ಲ. ಅವತ್ತು ನೀವು ಬರೆದದ್ದು ನಿಜಾನೇ ಆಗಿತ್ತು."

"ನಿಜ ಆಗಿತ್ತಮ್ಮ" ಎಂದರು ಮೇಷ್ಟ್ರು. "ಆದ್ರೆ ಬರೆಯೋವಾಗ ಅದು ನನಗೆ ಗೊತ್ತಿರಲಿಲ್ಲ."

ಅಷ್ಟು ಹೇಳಿ ಅವರು, ಮೂವತ್ತೆರಡು ವರ್ಷ ಯಾರೆದುರೂ ಅಳದ ಮನುಷ್ಯ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟರು. ಆಕೆ ಪಕ್ಕದಲ್ಲೇ ಕೂತಿದ್ದರು. ಒಳಗಿನಿಂದ ಶಿಷ್ಯೆ, "ಐದು ಗ್ರಾಂ ಇಡ್ತಿದೀನಿ ಮೇಷ್ಟ್ರೇ" ಎಂದು ಕೂಗಿದರು. ಅವರು ಕಣ್ಣೊರೆಸಿಕೊಂಡು, ಬಾಗಿಲ ಕಡೆ ತಿರುಗಿ ಕೂತು, "ಇಡಮ್ಮ, ಕೇಳ್ತಿದೀನಿ" ಎಂದರು.